ಚಳ್ಳಕೆರೆ, ಮೂವತ್ನಾಲ್ಕು

ರಿಜಿಸ್ಟರಿನಲ್ಲಿ ಐದು ಕಾಲಮ್ಮು:
ಹೆಸರು, ಊರು, ಎಲ್ಲಿಂದ, ಎಲ್ಲಿಗೆ, ಬಂದ ಕಾರಣ.
ಕೊನೆಯದಕ್ಕೆ ಜೀನತ್ ಬರೆದಳು: ನಿದ್ದೆ.
ಓಬಳೇಶ ಅದನ್ನು ಎರಡು ಸಲ ಓದಿ
ಕನ್ನಡಕ ತೆಗೆದು ನಮ್ಮನ್ನು ನೋಡಿದ.
ಅರವತ್ತು ದಾಟಿದ ಇಬ್ಬರು ಹೆಂಗಸರು, ಒಂದು ಹಳೇ ಆಮ್ನಿ,
ಹಿಂದಿನ ಸೀಟಿನಲ್ಲಿ ಮಂಡಕ್ಕಿ ಚೀಲ, ಸ್ಟೆಪ್ನಿ, ಎರಡು ದಿಂಬು.
"ಗಂಡಸರು ಹಿಂದೆ ಬರ್ತಾರಾ?"
"ಹಿಂದೇನೇ ಅದಾರೆ," ಅಂದಳು ಜೀನತ್. "ಬಾಳ ಹಿಂದೆ."

ದಾವಣಗೆರೆ ಬಿಟ್ಟು ಇದು ಮೂರನೇ ರಾತ್ರಿ.
ಮೊದಲನೆಯದು ದುರ್ಗದ ಬೈಪಾಸಿನ ಢಾಬಾ,
ಹಗ್ಗದ ಮಂಚ, ತಲೆಗೆ ಐವತ್ತು, ಸೊಳ್ಳೆಬತ್ತಿ ಪುಕ್ಕಟೆ.
ನಾಮಕ್ಕಲ್ಲಿನ ಲಾರಿಯವನೊಬ್ಬ ತನ್ನ ಕಂಬಳಿ ನಮಗೆ ಕೊಟ್ಟು
ಇಂಜಿನ್ನಿನ ಬಿಸಿಗೆ ಬೆನ್ನು ಹಚ್ಚಿ ಮಲಗಿದ.
ಎರಡನೆಯದು ಗಾಳಿಗಿರಣಿಗಳ ಗುಡ್ಡದ ಕೆಳಗೆ,
ಹಡಗಿನ ಡಬ್ಬಿಯನ್ನು ಕೊಯ್ದು ಕಿಟಕಿಯಿಟ್ಟ ಕೋಣೆ.
ತಗಡಿನ ಮೇಲೆ ಇನ್ನೂ ಯಾವುದೋ ಬಂದರಿನ ಅರ್ಧ ಹೆಸರು.
ರಾತ್ರಿಯಿಡೀ ರೆಕ್ಕೆಗಳು ಹುಶ್, ಹುಶ್ ಅನ್ನುತ್ತ
ಯಾರದೋ ಮಗುವನ್ನು ಮಲಗಿಸುತ್ತಿದ್ದವು. ನಮ್ಮನ್ನಲ್ಲ.

ಇದು ಎಣ್ಣೆ ಮಿಲ್ಲು ಆಗಿತ್ತು.
ಎಷ್ಟು ಸುಣ್ಣ ಬಳಿದರೂ ಮಧ್ಯಾಹ್ನದ ಬಿಸಿಲಿಗೆ
ಗೋಡೆ ಶೇಂಗಾ ಬೆವರುತ್ತೆ ಅಂದ ಓಬಳೇಶ.
ಇಪ್ಪತ್ತೆರಡು ವರ್ಷ ಇಲ್ಲೇ ಚೀಲ ಹೊತ್ತವನು,
ಈಗ ಟವೆಲ್ಲು ಹೊರುತ್ತಾನೆ.
ಕೋಣೆಗಳಿಗೆ ನಂಬರು ಬಿದ್ದರೂ ಅವನ ಬಾಯಲ್ಲಿ ಇನ್ನೂ
ಹಿಂಡಿ ಗೋಡೌನು, ಬಾಯ್ಲರು, ಸಿಪ್ಪೆ ರೂಮು.
"ಸಿಪ್ಪೆ ರೂಮ್ನಾಗೆ ಹೊಸಾ ಗಂಡ ಹೆಂಡ್ತಿ ಅದಾರೆ, ನಿಮಗೆ ಬ್ಯಾಡ.
ಆಫೀಸು ಕೊಡ್ತೀನಿ. ಫ್ಯಾನು ಚೆನ್ನಾಗೈತೆ."

ಆಫೀಸಿನ ಮೂಲೆಯಲ್ಲಿ, ಟಿವಿಯ ಪಕ್ಕ, ಅದು ಕೂತಿತ್ತು:
ಕಪ್ಪು, ಭಾರ, ಡಯಲ್ಲು ಇಲ್ಲದ್ದು.
ಎದೆಯ ಮೇಲೆ ಬಿಳಿ ಬಣ್ಣದಲ್ಲಿ ಕೈಬರಹ: ೩೪.
ನಾನು ಮಂಚದ ಮೇಲೆ ಕೂತೆ.

ಹದಿನಾಲ್ಕು ವರ್ಷ
ದಾವಣಗೆರೆ ಎಕ್ಸ್‌ಚೇಂಜಿನಿಂದ
"ಚಳ್ಳಕೆರೆ, ಮೂವತ್ನಾಲ್ಕು ಕೊಡಿ" ಎಂದು ಕೂಗಿದ ಗಂಟಲು ಇದು.
ಟ್ರಂಕ್ ಕಾಲ್. ಅರ್ಜೆಂಟ್. ಮೂರು ನಿಮಿಷ.
ಆಚೆಯಿಂದ ಒಂದು ಗಂಡು ದನಿ: "ಹಲೋ, ಮಿಲ್ಲು."
ಹೆಸರು ಹೇಳಿದವನೇ ಅಲ್ಲ, ಮಿಲ್ಲು ಅಷ್ಟೇ.
ಅವನ ಹಿಂದೆ ಧಡಧಡ, ಧಡಧಡ.
ಅದೇ ಅವನ ಮುಖ ಅಂದುಕೊಂಡಿದ್ದೆ.
ಶೇಂಗಾ ಕ್ವಿಂಟಲ್ಲಿಗೆ ಎಷ್ಟು, ಹಿಂಡಿಗೆ ಎಷ್ಟು, ವ್ಯಾಗನ್ನು ಸಿಕ್ಕಿತಾ...
ಕದ್ದು ಕೇಳಬಾರದೆಂದು ರೂಲು.
ಕೇಳದೆ ಇರಲು ಕಿವಿಗೇನು ಬಾಗಿಲಿದೆಯೇ?
ಒಂದು ಸಲ, ದೀಪಾವಳಿಯ ಹಿಂದಿನ ರಾತ್ರಿ,
ಸೇಠು ಮಾತು ಮುಗಿಸಿ ಫೋನಿಟ್ಟ ಮೇಲೂ ಅವನು ಲೈನಿನಲ್ಲೇ ಇದ್ದ.
"ಆಪರೇಟರಮ್ಮಾ, ಊಟ ಆಯ್ತಾ?"
ರೂಲಿನ ಪ್ರಕಾರ "ಮಾತು ಮುಗಿಯಿತೇ?" ಅಂದೆ,
ಪ್ಲಗ್ಗು ಕಿತ್ತೆ.

"ಫೋನ್ ಹತ್ರ ಯಾರಿರ್ತಿದ್ರು?"
ಓಬಳೇಶ ದಿಂಬಿಗೆ ಗವಸು ತುರುಕುತ್ತ,
"ಗುಮಾಸ್ತ ರುದ್ರಮುನಿ. ಮಿಷನ್ ಸದ್ದಿಗೆ ಒಂದು ಕಿವಿ ಹೋಗಿತ್ತು,
ಇನ್ನೊಂದನ್ನ ಫೋನಿಗೇ ಅಂತ ಇಟ್ಕಂಡಿದ್ದ.
ಮಿಲ್ಲು ಮುಚ್ಚಿದ ಮ್ಯಾಲೆ ಹಿರಿಯೂರಿಗೆ ಮಗಳ ಮನೆಗೆ ಹೋದ.
ಅದಾನೋ, ಇಲ್ವೋ."

ಜೀನತ್, ಅದೇ ಹದಿನಾಲ್ಕು ವರ್ಷ ಪಕ್ಕದ ಬೋರ್ಡಿನಲ್ಲಿ ಕೂತವಳು,
ಏನೂ ಅನ್ನದೆ ಮಂಡಕ್ಕಿಗೆ ಈರುಳ್ಳಿ ಹೆಚ್ಚಿದಳು.

ರಾತ್ರಿ ಎರಡಕ್ಕೆ ಎಚ್ಚರ.
ಇಷ್ಟು ನಿಶ್ಶಬ್ದದಲ್ಲಿ ಆ ದನಿ ಬಂದರೂ ನನಗೆ ಗುರುತು ಹತ್ತುತ್ತಿರಲಿಲ್ಲ.
ಎದ್ದು ರಿಸೀವರ್ ಎತ್ತಿದೆ.
ವೈರು ಒಂದು ಗೇಣಿಗೆ ಕತ್ತರಿಸಿ, ತುದಿಗೆ ಚೆಂದಕ್ಕೆ ಟೇಪು ಸುತ್ತಿದ್ದರು.
ಕಿವಿಗೆ ತಣ್ಣಗಾಯಿತು. ಶೇಂಗಾ ವಾಸನೆ,
ಅಥವಾ ನನ್ನ ಕೈಯದೇ ಒಗ್ಗರಣೆ.
"ಆಯ್ತು," ಅಂದೆ ಮೆಲ್ಲಗೆ. "ಊಟ ಆಯ್ತು."
ಕತ್ತಲಿಂದ ಜೀನತ್:
"ಮೂರು ನಿಮಿಷ ಆಯ್ತು. ಮಲಗು."

ಬೆಳಿಗ್ಗೆ ಬಿಲ್ಲಿನಲ್ಲಿ ಬಿಸಿನೀರಿಗೆ ನಲವತ್ತು ಹೆಚ್ಚು.
ಓಬಳೇಶ ರಿಜಿಸ್ಟರ್ ಹಿಡಿದು ಗೇಟಿನ ತನಕ ಬಂದ:
"ಎಲ್ಲಿಗೆ ಅನ್ನೋದು ಖಾಲಿ ಐತಲ್ರೀ ಅಮ್ಮಾರೆ."
ಆಮ್ನಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.
"ಸ್ಟಾರ್ಟ್ ಆಗ್ಲಿ ತಡಿ," ಅಂದಳು ಜೀನತ್.